ಗಂಟು ಮುಗಿಯುವವರೆಗೆ ಮಾತು ಬೇಡ

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ಬರುವ ನಮ್ಮ ಬಾಗಲಕೋಟೆ ಕಡೆಯ ಯುವಕರಿಗೆ ಹಗ್ಗ ಹೊಸದಲ್ಲ. ದನ ಕಟ್ಟಿ ಪಳಗಿದ ಕೈಗಳವು. ಆದರೆ ಆ ಕೈಗಳಿಗೆ ರೂಢಿಯಾಗಿರುವುದು ತುದಿ ಜಗ್ಗಿದೊಡನೆ ಬಿಚ್ಚಿಕೊಳ್ಳುವ ಜೀರುಗುಣಿಕೆ. ಬಂಡೆಯಲ್ಲಿ ಬೇಕಾದದ್ದು ಎಷ್ಟು ಜಗ್ಗಿದರೂ ಜಾರದ ಕುಣಿಕೆ. ಅದಕ್ಕೇ ಮೊದಲು ಎಂಟರ ಗಂಟು, ಅಂದರೆ 8ರ ಆಕಾರದ ಫಿಗರ್ ಎಯ್ಟ್ ಕಲಿಸುತ್ತೇನೆ.

ಹಗ್ಗದ ತುದಿಯಿಂದ ಸುಮಾರು ಒಂದು ಮೀಟರ್ ಬಿಟ್ಟು ಸಡಿಲವಾಗಿ ಎಂಟನ್ನು ಹಾಕಿ. ತುದಿಯನ್ನು ಹಾರ್ನೆಸ್‌ನ, ಅಂದರೆ ಸೊಂಟಕ್ಕೂ ತೊಡೆಗಳಿಗೂ ತೊಡುವ ಪಟ್ಟಿಗಳ ಕವಚದ, ಕಾಲುಪಟ್ಟಿಗಳ ಕೊಂಡಿಯಿಂದ ಮೇಲಕ್ಕೆ ತಂದು ಸೊಂಟಪಟ್ಟಿಯ ಕೊಂಡಿಯಲ್ಲೂ ತೂರಿಸಿ. ಎರಡರಲ್ಲೂ ಹೋಗಲೇಬೇಕು, ಒಂದನ್ನು ಬಿಟ್ಟರೆ ಉಳಿದೆಲ್ಲ ಸರಿಯಿದ್ದರೂ ನಾನು ಹತ್ತಲು ಬಿಡುವುದಿಲ್ಲ. ಎಂಟನ್ನು ಮೈಹತ್ತಿರಕ್ಕೆ ಎಳೆದುಕೊಂಡು, ತುದಿಯನ್ನು ಅದೇ ಎಂಟಿನ ಜಾಡಿನಲ್ಲಿ ಹಿಂದಕ್ಕೆ ಓಡಿಸಿ. ಎಲ್ಲಿಯೂ ಎಳೆಗಳು ಒಂದರ ಮೇಲೊಂದು ಅಡ್ಡ ಹಾಯಬಾರದು. ಮುಗಿದಾಗ ತುದಿ ಮುಖ್ಯ ಹಗ್ಗದ ಪಕ್ಕದಲ್ಲೇ ಹೊರಬರುತ್ತದೆ.

ಈಗ ಗಂಟನ್ನು ತಿರುಗಿಸಿ ನೋಡಿ. ಜೋಡಿಯಾಗಿ ಸಾಗುವ ಎಳೆಗಳನ್ನು ಎಣಿಸಿದರೆ 5 ಜೋಡಿ ಸಿಗಬೇಕು. 4 ಬಂದರೆ ಕೊನೆಯ ಸುತ್ತು ತಪ್ಪಿದೆ ಎಂದೇ ಅರ್ಥ. ಈ ಅರೆಗಂಟು ದೂರದಿಂದ ಪೂರ್ತಿ ಗಂಟಿನಂತೆಯೇ ಕಾಣುತ್ತದೆ. ಗಂಟಿನಿಂದ ಹೊರಟ 4 ಎಳೆಗಳನ್ನೂ ಒಂದೊಂದಾಗಿ ಜಗ್ಗಿ ಬಿಗಿಗೊಳಿಸಿ. ಉಳಿಯುವ ಬಾಲ ಹಗ್ಗದ ದಪ್ಪದ 10 ಪಟ್ಟಿಗಿಂತ ಕಡಿಮೆ ಇರಬಾರದು. 10 ಮಿಲಿಮೀಟರ್ ಹಗ್ಗಕ್ಕೆ ಅದು 10 ಸೆಂಟಿಮೀಟರ್. ನನಗೆ ಗೇಣಿನಷ್ಟು ಇದ್ದರೇ ಸಮಾಧಾನ.

ಸರಿಯಾಗಿ ಹಾಕಿದ ಎಂಟರ ಗಂಟು ತಾನಾಗಿ ಬಿಚ್ಚಿಕೊಳ್ಳುವುದು ಬಹುತೇಕ ಇಲ್ಲವೇ ಇಲ್ಲ. ಜೀವಕ್ಕೆ ಕುತ್ತು ತರುವುದು ಅರ್ಧಕ್ಕೆ ಬಿಟ್ಟ ಗಂಟು. ಅಮೆರಿಕದ ಲಿನ್ ಹಿಲ್ ಆ ಕಾಲದ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂ ಬಂಡೆಯಲ್ಲಿ ಅವರು ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದ್ದರು, ಗಂಟು ಪೂರ್ತಿ ಮಾಡಿರಲಿಲ್ಲ. ನಡುವೆ ಗಮನ ಬೇರೆಡೆ ಹರಿದಿತ್ತು. ಮೇಲೆ ತಲುಪಿ ಇಳಿಯಲು ಹಗ್ಗಕ್ಕೆ ಭಾರ ಹಾಕಿದಾಗ 20 ಮೀಟರ್‌ಗೂ ಹೆಚ್ಚು ಕೆಳಗೆ ಬಿದ್ದರು. ಮರದ ಕೊಂಬೆಗಳು ತಡೆದದ್ದರಿಂದ ಬದುಕುಳಿದರು.

ಹೀಗಾಗಿ ಗಂಟು ಹಾಕುತ್ತಿರುವವರ ಜೊತೆ ಯಾರೂ ಮಾತನಾಡಬಾರದು ಎಂಬುದು ನನ್ನ ಕಟ್ಟುನಿಟ್ಟು. ನೀರು ಬೇಕೇ ಎಂದು ಕೇಳುವುದೂ ಬೇಡ. ಮುಗಿದ ಮೇಲೆ ಕೆಳಗೆ ಹಗ್ಗ ಹಿಡಿಯುವವರು ಕಣ್ಣಿನಿಂದ ನೋಡಿದರೆ ಸಾಲದು, ಗಂಟನ್ನು ಕೈಯಲ್ಲಿ ಹಿಡಿದು ಎಳೆ ಎಣಿಸಬೇಕು. ಹತ್ತುವವರು, ಹಗ್ಗ ಹಿಡಿಯುವವರ ಬಿಲೇ ಸಾಧನವನ್ನು, ಅಂದರೆ ಬಿದ್ದಾಗ ಹಗ್ಗವನ್ನು ತಡೆದು ಹಿಡಿಯುವ ಉಪಕರಣವನ್ನು, ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು. ಅನುಭವಿಗಳಿಗೆ ಇದರಲ್ಲಿ ರಿಯಾಯಿತಿ ಕೊಟ್ಟರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಇಳಿದ ಬಳಿಕ ಒಂದು ಕೆಲಸ ಬಾಕಿ ಇರುತ್ತದೆ. ತುದಿಯನ್ನು ಹಾರ್ನೆಸ್‌ನಿಂದ ಬಿಡಿಸಿಕೊಂಡು, ಮೊದಲು ಹಾಕಿದ ಎಂಟನ್ನು ಹಗ್ಗದಲ್ಲೇ ಬಿಡುವವರಿದ್ದಾರೆ. ಹಗ್ಗ ಎಳೆಯುವಾಗ ಅದು ಮೇಲೆ ಬಂಡೆಗೆ ಜಡಿದ, ಹಗ್ಗ ಹಾಯುವ ಬಳೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನೂ ಬಿಚ್ಚಿ, ಹಗ್ಗವನ್ನು ಚಾಪೆಯ ಮೇಲೆ ಸುತ್ತಿಡಿ. ಬಾದಾಮಿಯ ಸಣ್ಣ ಮರಳು ಎಳೆಗಳೊಳಗೆ ಸೇರಿದರೆ ಹಗ್ಗವನ್ನು ಒಳಗಿನಿಂದಲೇ ಸವೆಸುತ್ತದೆ.