ಚಂಡಮಾರುತದ ಕಣ್ಣಿನೊಳಗೆ ಗಾಳಿ ಯಾಕೆ ಸುಮ್ಮನಿರುತ್ತದೆ?

ಪ್ರಶ್ನೆ: ಸುತ್ತ ಮರ ಕಿತ್ತು ಬೀಳುವಷ್ಟು ಗಾಳಿ, ನಟ್ಟನಡುವೆ ಮಾತ್ರ ತಿಳಿ ಆಕಾಶ. ಇದು ಹೇಗೆ ಸಾಧ್ಯ?

ಇಡ್ಲಿ ಪಾತ್ರೆಯಿಂದ ಶುರು ಮಾಡೋಣ. ಮುಚ್ಚಳ ತೆಗೆಯುವಾಗ ಕೈಗೆ ಆವಿ ಬಡಿದರೆ ಬಿಸಿನೀರು ಚೆಲ್ಲಿದ್ದಕ್ಕಿಂತ ಜಾಸ್ತಿ ಸುಡುತ್ತದೆ, ಅಲ್ವಾ? ಆವಿ ನೀರಾಗುವಾಗ ಹೊತ್ತು ತಂದ ಶಾಖವನ್ನೆಲ್ಲ ಅಲ್ಲೇ ಇಳಿಸುತ್ತದೆ. ಶಾಲೆಯಲ್ಲಿ ಗುಪ್ತೋಷ್ಣ ಅಂತ ಓದಿದ್ದು ಇದನ್ನೇ. ಮೋಡದಲ್ಲಿ ಒಂದು ಕೆಜಿ ಆವಿ ಹನಿಯಾದರೆ ಸುಮಾರು 25 ಲಕ್ಷ ಜೂಲ್ ಹೊರಬರುತ್ತದೆ. 25 ಡಿಗ್ರಿಯಲ್ಲಿರುವ 8 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು.

ಈಗ ಸಿಂಕಿನ ತೂತಿನ ಸುತ್ತ ನೀರು ಸುತ್ತುವುದನ್ನು ನೆನಪಿಸಿಕೊಳ್ಳಿ. ಹತ್ತಿರ ಬಂದಷ್ಟೂ ಜೋರು, ಆದರೆ ನಡುವೆ ಟೊಳ್ಳು. ಸಮುದ್ರದ ಒದ್ದೆ ಗಾಳಿಯೂ ಹಾಗೇ ಸುತ್ತುತ್ತ ಒಳಗೆ ನುಗ್ಗುತ್ತದೆ, ಆದರೆ ಸುತ್ತುವ ರಭಸಕ್ಕೆ ಒಂದು ಹಂತ ದಾಟಿ ಮುಂದೆ ಹೋಗಲಾರದೆ ಅಲ್ಲೇ ಉಂಗುರದಂತೆ ಮೇಲೇಳುತ್ತದೆ. ಇದು ಕಣ್ಣಿನ ಗೋಡೆ. ಮೇಲೆದ್ದ ಆವಿ ಹನಿಯಾಗಿ ಶಾಖ ಇಳಿಸುವ ದೊಡ್ಡ ಒಲೆ ಇರುವುದು ಇಲ್ಲೇ. ಮೇಲೆ ಹೋದ ಗಾಳಿ ಬಹುಪಾಲು ಹೊರಗೆ ಹರಡಿಕೊಳ್ಳುತ್ತದೆ, ಸ್ವಲ್ಪ ಮಾತ್ರ ಕಣ್ಣಿನೊಳಗೆ ನಿಧಾನವಾಗಿ ಇಳಿಯುತ್ತದೆ. ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ (ಗಾಳಿ ಹೊಡೆದಾಗ ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ), ಮೋಡ ಕರಗುತ್ತದೆ. ಅದಕ್ಕೇ ತಿಳಿ ಆಕಾಶ.

ಬಿಸಿ ಗಾಳಿ ಹಗುರ, ಹಾಗಾಗಿ ಕೆಳಗೆ ವಾಯುಭಾರ ಕುಸಿಯುತ್ತದೆ. ಮಾಮೂಲಿಯಾಗಿ ಸಮುದ್ರಮಟ್ಟದಲ್ಲಿ 1013 ಮಿಲಿಬಾರ್ ಆಸುಪಾಸು ಇರುವುದು 1999ರ ಒಡಿಶಾ ಸೂಪರ್ ಸೈಕ್ಲೋನ್‌ನಲ್ಲಿ 912ಕ್ಕೆ ಇಳಿದಿತ್ತು.

ಒಲೆ ಎಲ್ಲಿ ಉರಿಯುತ್ತದೆ ಅನ್ನುವುದು ಇನ್ನೂ ಮಜದ ವಿಷಯ. ಗೋಡೆಯ ಒಳಮಗ್ಗುಲಲ್ಲಿ ಉರಿದರೆ, ಅಲ್ಲಿನ ಬಿರುಸಿನ ಸುತ್ತಾಟ ಶಾಖವನ್ನು ಆಚೀಚೆ ಸುಲಭಕ್ಕೆ ಹರಡಲು ಬಿಡುವುದಿಲ್ಲ. ಕಣ್ಣು ಬಿಗಿಯುತ್ತದೆ, ಗಾಳಿ ಏರುತ್ತದೆ. 2005ರ ಅಕ್ಟೋಬರ್‌ನಲ್ಲಿ ಕೆರಿಬಿಯನ್ ಸಮುದ್ರದ ವಿಲ್ಮಾ ಚಂಡಮಾರುತದ ಕಣ್ಣು 4 ಕಿಲೋಮೀಟರಿಗಿಂತ ಕಿರಿದಾಗಿತ್ತು, ವಾಯುಭಾರ 882! ದೂರದ ಮಳೆಪಟ್ಟಿಗಳಲ್ಲಿ (ಗೋಡೆಯಿಂದಾಚೆ ಸುತ್ತಿಕೊಂಡಿರುವ ಮಳೆಮೋಡದ ಸಾಲುಗಳಲ್ಲಿ) ಉರಿದರೆ ಚಂಡಮಾರುತ ಅಗಲವಾಗುತ್ತದೆ ಅಷ್ಟೆ, ನಡುವಿನ ಬಿರುಸು ಹೆಚ್ಚುವುದಿಲ್ಲ. ಕೆಲವೊಮ್ಮೆ ಆ ಪಟ್ಟಿಗಳೇ ಸೇರಿ ಹೊರಗೊಂದು ಹೊಸ ಗೋಡೆ ಕಟ್ಟಿ, ಒಳಗೆ ಹೋಗಬೇಕಾದ ಆವಿಯನ್ನು ದಾರಿಯಲ್ಲೇ ಕಸಿದುಕೊಳ್ಳುತ್ತವೆ, ಹಳೆ ಗೋಡೆ ಸೊರಗಿ ಹೋಗುತ್ತದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕರಾವಳಿಯ ಮೇಲೆ ಮಳೆ ಸುರಿಸಿದ್ದು ಇಂಥ ಹೊರಗಿನ ಪಟ್ಟಿಗಳೇ. ಅದರ ನಡುಭಾಗ ಸಮುದ್ರದ ಮೇಲೇ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ದಡ ಹತ್ತಿತು.