ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ

ಹಿಂದಿನ ಎಡಗಡೆ ಚಕ್ರದ ಪಕ್ಕ ನೆಲದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ, ಅಷ್ಟೇ. ನಮ್ಮ ಭಾವ ಒಂದು ಹಳೇ ಟಿಟಿ (ಟೆಂಪೋ ಟ್ರಾವೆಲರ್) ವ್ಯಾನ್ ತಗೊಂಡು ಒಳಗೆ ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ಒಂದು ಟಾಯ್ಲೆಟ್ ಎಲ್ಲಾ ಹಾಕ್ಸಿ ಕ್ಯಾಂಪರ್ ಮಾಡ್ಸಿದ್ರು, ಅದರಲ್ಲಿ ಒಂದ್ಸಲ ಹೊರಟಿದ್ದು ದಾವಣಗೆರೆಯಿಂದ ಚಿತ್ರದುರ್ಗಕ್ಕೆ, ಅರವತ್ತು ಕಿಲೋಮೀಟರ್ ಹೈವೇ, ಕೋಟೆ ಹತ್ರ ನಿಲ್ಸಿ ಇಳಿದ್ರೆ ಈ ಒದ್ದೆ. ಅಕ್ಕ ಸೆರಗು ಮೂಗಿಗೆ ಹಿಡ್ಕೊಂಡು "ಇದು ಬರೀ ನೀರಲ್ಲ ಕಣೋ" ಅಂದ್ಲು. ಬಗ್ಗಿ ನೋಡಿದ್ರೆ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋ ವಾಲ್ವ್ ಕೆಳಗೆ ಒಂದು ಹನಿ ನೇತಾಡ್ತಿದೆ. ವಾಲ್ವ್ ಸೋರ್ತಿದೆ ಅಂತ ನಾವೆಲ್ಲಾ ಒಂದೇ ಸಲಕ್ಕೆ ತೀರ್ಮಾನ ಮಾಡ್ಬಿಟ್ವಿ, ಮುಂದಿನ ಒಂದು ತಿಂಗಳು ಆ ತೀರ್ಮಾನದ ಹಿಂದೆ ಅಲೆದಾಡಿದ್ವಿ.

ಇಂಥ ವ್ಯಾನಿನಲ್ಲಿ ಇರೋದು ಮೂರು ಟ್ಯಾಂಕು. ಒಂದು ಒಳ್ಳೇ ನೀರಿಂದು. ಇನ್ನೊಂದು ಪಾತ್ರೆ ತೊಳೆದ, ಸ್ನಾನದ ನೀರು ಇಳಿಯೋದು, ಅದಕ್ಕೆ ಗ್ರೇ ಟ್ಯಾಂಕ್ ಅಂತಾರೆ. ಮೂರನೇದು ಟಾಯ್ಲೆಟ್ಟಿಂದು, ಬ್ಲ್ಯಾಕ್ ಟ್ಯಾಂಕ್. ಟಾಯ್ಲೆಟ್ ಟ್ಯಾಂಕು ವ್ಯಾನಿನ ಹೊಟ್ಟೆ ಕೆಳಗೆ ಕಬ್ಬಿಣದ ಪಟ್ಟಿಗಳ ಮೇಲೆ ಕೂತಿರುತ್ತೆ, ಮೇಲಿಂದ ಟಾಯ್ಲೆಟ್ ಪೈಪು ಒಳಗೆ ಬರುತ್ತೆ, ಗಾಳಿ ಹೋಗೋಕೆ ಒಂದು ವೆಂಟ್ ಪೈಪು ಮೇಲಕ್ಕೆ ಚಾವಣಿವರೆಗೂ ಹೋಗಿರುತ್ತೆ, ತಳದಲ್ಲಿ ಮೂರು ಇಂಚಿನ ಪೈಪು, ಅದಕ್ಕೆ ಚಾಕು ಥರ ಅಡ್ಡ ಜಾರೋ ತಗಡಿನ ಗೇಟ್ ವಾಲ್ವ್, ಕೊನೇಲಿ ಕ್ಯಾಪು. ಟ್ಯಾಂಕ್ ಖಾಲಿ ಆಗೋಕೆ ಮೋಟರ್ ಬೇಕಾಗಿಲ್ಲ, ಇಳಿಜಾರು ಸಾಕು. ಐವತ್ತು ಅಡಿಗೆ ಒಂದು ಅಡಿ ಇಳಿಜಾರಿದ್ರೆ ಕೊಳೆ ನೀರು ತಾನೇ ಹರ್ಕೊಂಡು ಹೋಗುತ್ತೆ. ದುರ್ಗದ ಕೋಟೇಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯೋದೂ ಹೀಗೇ, ಬರೀ ಎತ್ತರದ ವ್ಯತ್ಯಾಸದಿಂದ.

ಈ ಎತ್ತರ ಅನ್ನೋದನ್ನ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಲೀಕ್ ಹುಡುಕೋ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ನಿಂತ ನೀರಿನ ಒತ್ತಡಕ್ಕೂ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಅನ್ನೋದಕ್ಕೂ ಸಂಬಂಧ ಇಲ್ಲ, ಆ ಜಾಗದ ಮೇಲೆ ನೀರು ಎಷ್ಟು ಎತ್ತರ ನಿಂತಿದೆ ಅನ್ನೋದಷ್ಟೇ ಲೆಕ್ಕ. ನಮ್ಮ ಟ್ಯಾಂಕಿನ ಆಳ 25 ಸೆಂಟಿಮೀಟರ್, ಅಂದ್ರೆ ಪೂರ್ತಿ ತುಂಬಿದ್ರೂ ತಳದ ವಾಲ್ವ್ ಮೇಲೆ ಚದರ ಸೆಂಟಿಮೀಟರಿಗೆ ಬೀಳೋದು ಬರೀ 25 ಗ್ರಾಂ. ಒಳ್ಳೇ ನೀರಿನ ಪಂಪು ನಲ್ಲಿ ಪೈಪಿನಲ್ಲಿ ಇಟ್ಟಿರೋದು ಹತ್ತಿರ ಹತ್ತಿರ 3 ಕೆಜಿ, ನೂರು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಒಳ್ಳೇ ನೀರಿನ ಲೈನ್ ಒಡೆದ್ರೆ ಚಿಮ್ಮುತ್ತೆ, ಯಾರೂ ನಲ್ಲಿ ಬಿಡದೇ ಇದ್ರೂ ಪಂಪು ಆಗಾಗ ಗುರ್ ಅಂತ ತಾನೇ ಓಡುತ್ತೆ, ಪತ್ತೆ ಸುಲಭ. ಕೊಳೆ ನೀರಿನ ಲೀಕು ಹಂಗಲ್ಲ, ಅದಕ್ಕೆ ಚಿಮ್ಮೋ ಶಕ್ತಿ ಇಲ್ಲ, ಜಿನುಗುತ್ತೆ, ಜಿನುಗಿದ ನೀರು ಮೈಗೆ ಅಂಟ್ಕೊಂಡೇ ಹರಿಯುತ್ತೆ. ಚಹಾ ಪಾತ್ರೆಯಿಂದ ಲೋಟಕ್ಕೆ ತೀರಾ ನಿಧಾನಕ್ಕೆ ಬಗ್ಗಿಸಿದ್ರೆ ಚಹಾ ಲೋಟಕ್ಕೆ ಬೀಳದೆ ಪಾತ್ರೆ ಹೊಟ್ಟೆಗುಂಟ ಇಳಿದು ಎಲ್ಲೋ ತಳದಲ್ಲಿ ತೊಟ್ಟಿಕ್ಕುತ್ತಲ್ಲ, ಅದೇ ಇಲ್ಲೂ ಆಗೋದು. ಪೈಪಿನ ಮೈ, ಪಟ್ಟಿ, ವೈರು, ಬೋಲ್ಟು, ಸಿಕ್ಕಿದ್ದನ್ನ ಹಿಡ್ಕೊಂಡು ಒಂದು ಮೀಟರ್ ಹೋಗಿ, ಇನ್ನು ಕೆಳಗೆ ಜಾರೋಕೆ ಜಾಗ ಇಲ್ಲ ಅನ್ನೋ ಕಡೆ ಹನಿ ಕಟ್ಟುತ್ತೆ. ವ್ಯಾನಿನಲ್ಲಿ ಎಲ್ಲಕ್ಕಿಂತ ಕೆಳಗಿರೋದು ವಾಲ್ವು. ಮೇಲೆ ಎಲ್ಲಿ ಸೋರಿದ್ರೂ ಕೆಟ್ಟ ಹೆಸರು ಅದಕ್ಕೇ ಬರುತ್ತೆ.

ನಾವು ಮೊದಲು ಮಾಡಿದ್ದು ವಾಲ್ವ್ ಬಿಚ್ಚಿದ್ದು. ಒಂದು ವಿಷಯಕ್ಕೆ ಅದೂ ಒಳ್ಳೇದೇ ಆಯ್ತು, ಯಾಕಂದ್ರೆ ಒಳಗಿನ ಸ್ಥಿತಿ ಕಣ್ಣಾರೆ ನೋಡಿದ್ವಿ. ತಗಡು ಜಾರೋ ಸಂದಿಯಲ್ಲಿ ಬಿಳಿ-ಕಂದು ಬಣ್ಣದ, ಉಗುರಲ್ಲಿ ಕೆರೆದ್ರೂ ಬಾರದಿರೋ ಗಟ್ಟಿ ಪದರ. ಮೂತ್ರದಲ್ಲಿರೋ ಯೂರಿಯಾವನ್ನ ಬ್ಯಾಕ್ಟೀರಿಯಾಗಳು ಯೂರಿಯೇಸ್ ಅನ್ನೋ ಕಿಣ್ವದಿಂದ ಒಡೆದು ಅಮೋನಿಯಾ ಮಾಡ್ತವೆ, ದ್ರವ ಕ್ಷಾರೀಯ ಆಗುತ್ತೆ, ಆಗ ಅದರಲ್ಲಿ ಕರಗಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್ ಎಲ್ಲಾ ಕರಗಿರಲಾರದೆ ಹರಳಾಗಿ ಕೂರ್ತವೆ. ಅದರಲ್ಲಿ ಒಂದರ ಹೆಸರು ಸ್ಟ್ರುವೈಟ್, ಕೆಲವರ ಕಿಡ್ನಿ ಸ್ಟೋನಿನಲ್ಲಿ ಸಿಗೋದೂ ಅದೇ ಹರಳು. ನಮ್ಮ ಕಡೆ ಬೋರ್‌ವೆಲ್ ನೀರು ಮೊದಲೇ ಗಡಸು, ಫ್ಲಶ್‌ಗೆ ಅದನ್ನೇ ತುಂಬಿಸಿದ್ರೆ ಪದರ ಇನ್ನೂ ಬೇಗ ಕಟ್ಟುತ್ತೆ. ಸಂದಿಯಲ್ಲಿ ಅರ್ಧ ಮಿಲಿಮೀಟರ್ ಹರಳು ಕೂತ್ರೂ ತಗಡು ಪೂರ್ತಿ ಮುಚ್ಚಲ್ಲ, ಹೊರಗೆ ಹ್ಯಾಂಡಲ್ ನೋಡಿದ್ರೆ ಮುಚ್ಚಿದಂಗೇ ಕಾಣುತ್ತೆ. ಸಿಟ್ರಿಕ್ ಆಸಿಡ್ ಪುಡಿ, ಅದೇ ಅಡುಗೆಗೆ ಹಾಕೋ ನಿಂಬೆ ಉಪ್ಪು, ಬಿಸಿನೀರಲ್ಲಿ ಕರಗಿಸಿ ಒಂದು ರಾತ್ರಿ ಬಿಟ್ವಿ, ಬೆಳಿಗ್ಗೆ ಹಲ್ಲುಜ್ಜೋ ಬ್ರಷ್ಷಿಗೇ ಉದುರಿ ಬಂತು. ಒಂದು ಮಾತು ಮಾತ್ರ ಕೈಮುಗಿದು ಹೇಳ್ತೀನಿ, ಆಸಿಡ್ ಹಾಕಿರೋ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಶ್ವಾಸಕೋಶ ಸುಡುತ್ತೆ.

ರಬ್ಬರ್ ಸೀಲ್ ಕಥೆ ಇನ್ನೊಂದು. ಗ್ಯಾರೇಜಿನಲ್ಲಿ ವಾಲ್ವ್ ಬಿಗಿ ಆಗಿದೆ ಅಂತ ಗಾಡಿಗೆ ಹೊಡೆಯೋ ಗ್ರೀಸನ್ನೇ ಬಳಿದು ಕೊಟ್ಟಿದ್ರು. ಆ ಸೀಲು ಇಪಿಡಿಎಂ ರಬ್ಬರು, ನೀರು ಬಿಸಿಲು ಎರಡಕ್ಕೂ ಜಗ್ಗಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದ್ರೆ ಅದನ್ನ ಹೀರ್ಕೊಂಡು ಉಬ್ಬುತ್ತೆ. ಬಿಚ್ಚಿದಾಗ ಅದು ಒಗ್ಗರಣೆಗೆ ನೆನೆಸಿಟ್ಟ ಮಂಡಕ್ಕಿ ಥರ ಮೆತ್ತಗೆ ಊದ್ಕೊಂಡು ಅಂಚಿನಲ್ಲಿ ಹರಿದಿತ್ತು. ಇಂಥ ಜಾಗಕ್ಕೆ ಸಿಲಿಕೋನ್ ಗ್ರೀಸ್ ಹಾಕ್ಬೇಕು. ಹೊಸ ಸೀಲ್ ಹಾಕಿ, ಸಿಲಿಕೋನ್ ಹಚ್ಚಿ, ಟ್ಯಾಂಕಿಗೆ ಅರ್ಧ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಟ್ವಿ. ಬೆಳಿಗ್ಗೆ ಪೇಪರ್ ಒಣಗಿದಂಗೇ ಇತ್ತು. ಖುಷಿಯಾಗಿ ಬೆಣ್ಣೆದೋಸೆ ತಿಂದ್ಕೊಂಡು ಬರೋಣ ಅಂತ ಅದೇ ವ್ಯಾನಲ್ಲಿ ಹೋಗಿ ಬಂದ್ರೆ ಮತ್ತೆ ಅದೇ ಹನಿ, ಅದೇ ಜಾಗ.

ನಿಂತಾಗ ಸೋರಲ್ಲ, ಓಡಿಸಿದ್ರೆ ಸೋರುತ್ತೆ. ಅವತ್ತು ರಾತ್ರಿ ಭಾವ ಮಲಗಿದ ಮೇಲೂ ನಾನು ಇದನ್ನೇ ಯೋಚನೆ ಮಾಡ್ತಾ ಕೂತಿದ್ದೆ, ಆಮೇಲೆ ಪೇಪರ್ ತಗೊಂಡು ಲೆಕ್ಕ ಹಾಕಿದೆ. ಬ್ರೇಕ್ ಹಾಕಿದಾಗ ಟ್ಯಾಂಕಿನ ನೀರು ಮುಂದಕ್ಕೆ ಓಡಿ ಓರೆಯಾಗಿ ನಿಲ್ಲುತ್ತೆ, ಎಷ್ಟು ಓರೆ ಅಂದ್ರೆ ಬ್ರೇಕಿನ ವೇಗೋತ್ಕರ್ಷವನ್ನ ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿದಷ್ಟು. ಹಂಪ್ ಕಂಡು ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದ್ರೆ ಅದು 0.3 ಇರಬಹುದು. ನಮ್ಮ ಟ್ಯಾಂಕ್ ಉದ್ದ 90 ಸೆಂಟಿಮೀಟರ್, ನಡುವಿನಿಂದ ಮುಂದಿನ ಗೋಡೆಗೆ 45, ಅದರ 0.3 ಪಟ್ಟು ಅಂದ್ರೆ ಮುಂದಿನ ಗೋಡೆ ಹತ್ರ ನೀರು 13.5 ಸೆಂಟಿಮೀಟರ್ ಏರುತ್ತೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಇರೋದು 12.5ರಲ್ಲಿ, ಕೂಡಿಸಿದ್ರೆ 26, ಟ್ಯಾಂಕಿನ ಆಳ 25! ಅಂದ್ರೆ ಅರ್ಧ ಟ್ಯಾಂಕಿದ್ರೂ ಒಂದು ಒಳ್ಳೇ ಬ್ರೇಕಿಗೆ ಕೊಳೆ ನೀರು ಮುಂದಿನ ಮೂಲೇಲಿ ಟ್ಯಾಂಕಿನ ತಲೆಗೆ ಬಡಿಯುತ್ತೆ, ಅಲೆ ಎದ್ರೆ ಇನ್ನೂ ಜೋರಾಗಿ. ನಾವು ರಾತ್ರಿಯೆಲ್ಲಾ ಮಾಡಿದ ಪರೀಕ್ಷೆಯಲ್ಲಿ ಟ್ಯಾಂಕಿನ ಮೇಲರ್ಧ ನೀರನ್ನೇ ನೋಡಿರಲಿಲ್ಲ.

ಬೆಳಿಗ್ಗೆ ನಮ್ಮ ಮನೆ ಪೈಪ್ ಕೆಲಸಕ್ಕೆ ಬರೋ ಯಜಮಾನರನ್ನ ಕರೆಸಿದ್ವಿ, ನಲವತ್ತು ವರ್ಷ ಇದೇ ಕೆಲಸ ಮಾಡಿದೋರು. ನಾನು ಲೆಕ್ಕ ಹೇಳಿದೆ, ಅವರು ಪೂರ್ತಿ ಕೇಳಿಸ್ಕೊಂಡು "ಹಂಗಾದ್ರೆ ಬಾಯಿಮಟ ತುಂಬ್ಸಿ ನೋಡ್ಬೇಕಲ್ಲಪ್ಪಾ, ಅರ್ಧ ತುಂಬ್ಸಿದ್ರೆ ಅರ್ಧನೇ ಗೊತ್ತಾಗ್ತೈತೆ" ಅಂದ್ರು. ಟ್ಯಾಂಕ್ ಎರಡು ಸಲ ಚೆನ್ನಾಗಿ ತೊಳೆದು, ಹೊರಮೈ ಒರೆಸಿ ಒಣಗಿಸಿ, ಜಾಯಿಂಟುಗಳ ಸುತ್ತ ಸೀಮೆಸುಣ್ಣದ ಪುಡಿ ಉಜ್ಜಿದ್ವಿ, ಒದ್ದೆಯಾದ ಕಡೆ ಸುಣ್ಣ ಕಪ್ಪಗೆ ತಿರುಗಿ ಹಾದಿ ತೋರಿಸುತ್ತೆ. ಟಾಯ್ಲೆಟ್ ಟ್ಯಾಂಕಿನ ನೀರಿಗೆ ಕೇಸರಿಬಾತಿಗೆ ಹಾಕೋ ಬಣ್ಣ, ಗ್ರೇ ಟ್ಯಾಂಕಿಗೆ ಹಸಿರು, ಒಳ್ಳೇ ನೀರಿಗೆ ಏನೂ ಇಲ್ಲ. ಮೂರು ಟ್ಯಾಂಕಿನಲ್ಲಿ ಯಾವುದು ಅನ್ನೋ ಜಗಳ ಇದರಿಂದ ಒಂದೇ ಹನಿಗೆ ಮುಗಿಯುತ್ತೆ.

ತುಂಬಿಸೋವಾಗ ಒಂದು ಎಚ್ಚರಿಕೆ ಬೇಕು. ಟ್ಯಾಂಕ್ ತುಂಬಿ ನೀರು ಟಾಯ್ಲೆಟ್ ಪೈಪಿನಲ್ಲಿ ಏರೋಕೆ ಶುರುವಾಯ್ತು ಅಂದ್ರೆ ಹತ್ತು ಸೆಂಟಿಮೀಟರಿಗೇ ನಿಲ್ಲಿಸ್ಬೇಕು. ನಮ್ಮ ಟ್ಯಾಂಕಿನ ತಲೆ 90 ಇಂಟು 40, ಅಂದ್ರೆ 3600 ಚದರ ಸೆಂಟಿಮೀಟರ್. ಪೈಪಿನಲ್ಲಿ ಹತ್ತು ಸೆಂಟಿಮೀಟರ್ ನಿಂತ ನೀರು ಒಂದು ಲೀಟರ್ ಕೂಡ ಇರಲ್ಲ, ಆದರೆ ಅದು ಟ್ಯಾಂಕಿನ ತಲೆಯನ್ನ ಒಳಗಿಂದ ಮೇಲಕ್ಕೆ 36 ಕೆಜಿಯಷ್ಟು ಒತ್ತುತ್ತೆ. ಅದೇ ಕಮೋಡ್‌ವರೆಗೂ, ಅರವತ್ತು ಸೆಂಟಿಮೀಟರ್ ತುಂಬಿಸಿದ್ರೆ 216 ಕೆಜಿ! ಮೂರು ಜನ ದೊಡ್ಡೋರು ಒಳಗೆ ಕೂತು ಮೇಲಕ್ಕೆ ತಳ್ಳಿದಂಗೆ, ಇಲ್ಲದ ಲೀಕನ್ನ ನಾವೇ ಮಾಡಿದಂಗೆ ಆಗುತ್ತೆ.

ಹತ್ತು ನಿಮಿಷ ಆಗಿತ್ತು. ನಾನು ಟಾರ್ಚ್ ಹಿಡ್ಕೊಂಡು ಅಂಗಾತ ಮಲಗಿದ್ದೆ. ಮುಂದಿನ ಮೂಲೇಲಿ, ವೆಂಟ್ ಪೈಪು ಟ್ಯಾಂಕಿನೊಳಗೆ ಹೋಗೋ ಕಡೆ ಇರೋ ರಬ್ಬರ್ ಬಳೆ ಪಕ್ಕ ಸುಣ್ಣದಲ್ಲಿ ಸಣ್ಣ ಗೆರೆ ಕಪ್ಪಾಯ್ತು, ಆಮೇಲೆ ಕೇಸರಿ ಆಯ್ತು. ಗೆರೆ ಟ್ಯಾಂಕಿನ ತಲೆ ಮೇಲೆ ಹಿಂದಕ್ಕೆ ಇಳಿಜಾರಿಗೆ ಸರಿದು, ಅಂಚು ದಾಟಿ ಕಬ್ಬಿಣದ ಪಟ್ಟಿ ಹಿಡ್ಕೊಂಡು, ಪಟ್ಟಿಯಿಂದ ಮೂರಿಂಚು ಪೈಪಿಗೆ ಇಳಿದು, ಪೈಪಿನ ಹೊಟ್ಟೆಗುಂಟ ನಿಧಾನಕ್ಕೆ ಹೋಗಿ ವಾಲ್ವಿನ ತುದೀಲಿ ಕೇಸರಿ ಹನಿಯಾಗಿ ನೇತಾಡ್ತು. ಒಂದು ಮೀಟರಿಗೂ ಹೆಚ್ಚು ದೂರ. ಯಜಮಾನರು ಪಕ್ಕದಲ್ಲೇ ಬಗ್ಗಿ ನೋಡ್ತಿದ್ರು, "ಪಾಪ, ವಾಲ್ವ್‌ದು ಏನೂ ತಪ್ಪಿಲ್ಲ ನೋಡಪ್ಪಾ" ಅಂದ್ರು.

ಕಾರಣ ಕೇಳಿದ್ರೆ ಸಣ್ಣದು. ವೆಂಟ್ ಪೈಪಿಗೆ ಮೇಲೆ ಎಲ್ಲೂ ಕ್ಲಾಂಪ್ ಹಾಕಿರಲಿಲ್ಲ, ವ್ಯಾನ್ ಕುಲುಕಿದಾಗೆಲ್ಲಾ ಪೈಪು ಆಡಿ ಆಡಿ ರಬ್ಬರ್ ಬಳೆ ಒಂದು ಕಡೆ ಸವೆದಿತ್ತು. ಬಿಸಿಲೂ ಸೇರ್ಕೊಳ್ಳುತ್ತೆ, ಪಿವಿಸಿ ಪೈಪು ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಏರಿದ್ರೆ ಸುಮಾರು 0.06 ಮಿಲಿಮೀಟರ್ ಬೆಳೆಯುತ್ತೆ, ಎರಡು ಮೀಟರ್ ಪೈಪು ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನ 50ಕ್ಕೆ ಹೋದ್ರೆ ಮೂರೂವರೆ ಮಿಲಿಮೀಟರ್. ದಿನಾ ಅಷ್ಟು ಬೆಳೆದು ಅಷ್ಟು ಕುಗ್ಗೋ ಪೈಪಿಗೆ ಆಡೋಕೆ ಜಾಗ ಕೊಡ್ದೆ ಎರಡೂ ಕಡೆ ಬಿಗಿದ್ರೆ ಜಾಯಿಂಟ್ ಬಿಡುತ್ತೆ, ಏನೂ ಬಿಗೀದೇ ಇದ್ರೆ ನಮ್ಮ ಥರ ಆಗುತ್ತೆ.

ಇದಕ್ಕೂ ಮೊದಲು ಯಾರೋ ಆ ಮೂಲೆಗೆ ಎಪಾಕ್ಸಿ ಪುಟ್ಟಿ ಮೆತ್ತಿದ್ದೂ ಕಂಡಿತು, ಉಗುರು ಹಾಕಿದ್ರೆ ಇಡೀ ತುಂಡು ಎದ್ದು ಬಂತು. ಟ್ಯಾಂಕ್ ಪಾಲಿಎಥಿಲೀನ್, ಮನೆ ಮೇಲಿನ ಸಿಂಟೆಕ್ಸ್ ಇದೆಯಲ್ಲ ಅದೇ ಜಾತಿ ಪ್ಲಾಸ್ಟಿಕ್ಕು, ಅದರ ಮೇಲ್ಮೈಗೆ ಯಾವ ಅಂಟೂ ನೆಟ್ಟಗೆ ಹಿಡಿಯಲ್ಲ, ಬಿರುಕು ಬಿಟ್ರೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿ ವೆಲ್ಡಿಂಗ್ ಮಾಡ್ಬೇಕು. ಪಿವಿಸಿ ಪೈಪಿಗೆ ಹಚ್ಚೋ ಸಲ್ಯೂಷನ್ ಬೇರೆ ವಿಷಯ, ಅದು ಅಂಟೇ ಅಲ್ಲ, ಎರಡೂ ಪೈಪಿನ ಮೈಯನ್ನ ಕರಗಿಸಿ ಒಂದು ಮಾಡುತ್ತೆ, ಅದಕ್ಕೇ ಪಿವಿಸಿಯ ಸಲ್ಯೂಷನ್ ಎಬಿಎಸ್ ಅನ್ನೋ ಬೇರೆ ಪ್ಲಾಸ್ಟಿಕ್ಕಿನ ಪೈಪಿಗೆ ಹಾಕ್ಬಾರ್ದು. ನಾವು ಹೊಸ ರಬ್ಬರ್ ಬಳೆ ಹಾಕಿ, ಪೈಪಿಗೆ ಎರಡು ಕಡೆ ಮೇಲೆ ಕೆಳಗೆ ಜಾರೋ ಹಂಗೆ, ಅಕ್ಕಪಕ್ಕ ಆಡದ ಹಂಗೆ ಕ್ಲಾಂಪ್ ಕೊಟ್ವಿ. ಬಳೆಗೆ ಖರ್ಚಾಗಿದ್ದು ಒಂದು ಊಟದ ದುಡ್ಡೂ ಇಲ್ಲ.

ವಾಸನೆ ಮಾತ್ರ ಇನ್ನೂ ಪೂರ್ತಿ ಹೋಗಿರಲಿಲ್ಲ, ಅದರ ಮೂಲ ಬೇರೇನೇ ಇತ್ತು. ಸಿಂಕಿನ ಕೆಳಗೆ ಬಾಗಿದ ಪೈಪಿನಲ್ಲಿ ಯಾವಾಗ್ಲೂ ಸ್ವಲ್ಪ ನೀರು ನಿಂತಿರುತ್ತೆ, ಟ್ಯಾಂಕಿನ ಗ್ಯಾಸು ಮೇಲೆ ಬರದಂಗೆ ಆ ನೀರೇ ಮುಚ್ಚಿದ ಬಾಗಿಲು. ಲಂಡನ್ನಿನಲ್ಲಿ ಗಡಿಯಾರ ಮಾಡ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಅನ್ನೋರು 1775ರಲ್ಲಿ ಪೇಟೆಂಟ್ ತಗೊಂಡ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ. ವ್ಯಾನ್ ಎರಡು ವಾರ ಬಿಸಿಲಲ್ಲಿ ನಿಂತ್ರೆ ಆ ನೀರು ಆರಿ ಹೋಗುತ್ತೆ, ವೆಂಟಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ರೂ ಗಾಳಿ ಸಿಗದೆ ಸಿಂಕಿನ ನೀರು ಇಳಿಯೋವಾಗ ಆ ನೀರನ್ನೂ ಎಳ್ಕೊಂಡು ಹೋಗುತ್ತೆ. ಒಂದು ಲೋಟ ನೀರು ಹಾಕಿದ್ವಿ, ವಾಸನೆ ನಿಂತಿತು. ಹಾಗಂತ ವಾಸನೆಯನ್ನ ಹಗುರ ಮಾಡ್ಬೇಡಿ. ಟ್ಯಾಂಕಿನ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೆ ಕೊಡುತ್ತೆ, ಆದರೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದ್ರೆ ಮೂಗೇ ಸೋತು ವಾಸನೆ ಬರೋದು ನಿಲ್ಲುತ್ತೆ, ಅಪಾಯ ಇರೋದು ಆಗಲೇ. ಟ್ಯಾಂಕಿನೊಳಗೆ ತಲೆ ಹಾಕಬೇಡಿ, ಹತ್ರ ಬೀಡಿ ಬೆಂಕಿಕಡ್ಡಿ ಬೇಡ, ಮೀಥೇನೂ ಅಲ್ಲೇ ಇರುತ್ತೆ.

ಹನಿ ತಾನೇ, ಟ್ರಿಪ್ ಮುಗಿಸಿ ನೋಡ್ಕೊಂಡ್ರಾಯ್ತು ಅಂತ ಅವತ್ತು ಭಾವ ಅಂದಿದ್ರು, ಅವತ್ತಿನ ಪ್ಲಾನಿನ ಪ್ರಕಾರ ಕೋಟೆ ನೋಡಿ ವಾಣಿವಿಲಾಸ ಸಾಗರಕ್ಕೆ ಹೋಗ್ಬೇಕಿತ್ತು. ಅಕ್ಕ ಒಪ್ಪಲಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಆ ಡ್ಯಾಮಿನ ನೀರನ್ನ ಊರೂರು ಕುಡಿಯುತ್ತೆ, ಅದರ ದಂಡೆಗೆ ಇದನ್ನ ತೊಟ್ಟಿಕ್ಕಿಸ್ಕೊಂಡು ಹೋಗೋದಾ ಅಂತ ಅವಳ ಪ್ರಶ್ನೆ, ಅಲ್ಲಿಂದಲೇ ವಾಪಸ್ ಬಂದ್ವಿ. ಟ್ಯಾಂಕ್ ಖಾಲಿ ಮಾಡೋಕೆ ಈಗ್ಲೂ ಮನೆಗೇ ಬರ್ತೀವಿ, ಯುಜಿಡಿ (ಊರಿನ ಒಳಚರಂಡಿ) ಲೈನಿನ ಚೇಂಬರಿಗೇ ಬಿಡ್ತೀವಿ, ಮೊದಲು ಬ್ಲ್ಯಾಕ್ ಆಮೇಲೆ ಗ್ರೇ, ಸೋಪಿನ ನೀರು ಹಿಂದಿನಿಂದ ಬಂದು ಪೈಪ್ ತೊಳೆಯುತ್ತೆ ಅಂತ.

ಹೋದ ವಾರ ಟ್ಯಾಂಕಿಗೆ ಮುಕ್ಕಾಲು ಕೇಸರಿ ನೀರು ತುಂಬಿ ಮತ್ತೆ ದುರ್ಗಕ್ಕೆ ಹೋದ್ವಿ, ದಾರೀಲಿ ಸಿಕ್ಕ ಪ್ರತಿ ಹಂಪಿಗೂ ಭಾವ ಬೇಕಂತಲೇ ಬ್ರೇಕ್ ಒತ್ತಿದ್ರು. ನಿಲ್ಲಿಸಿದ ತಕ್ಷಣ ಅಕ್ಕ ಕೆಳಗೆ ಪೇಪರ್ ಹಾಸಿದ್ಲು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಒಂದು ಹನಿ ಬಿದ್ದಿತ್ತು, ಮೂವರೂ ಬಗ್ಗಿದ್ವಿ. ಬಣ್ಣ ಇರಲಿಲ್ಲ, ವಾಸನೆ ಇರಲಿಲ್ಲ, ಮುಟ್ಟಿದ್ರೆ ತಣ್ಣಗಿತ್ತು. ಎಸಿ ನೀರು.