ಸಭೆಯ ದಾಖಲೆ ಪುಸ್ತಕದಲ್ಲಿ ಇಲ್ಲದಿದ್ದ ಕಾಲಂ

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಉಳಿದಿದ್ದದ್ದು ಹನ್ನೊಂದೇ ದಿನ. ರಾಯಚೂರು ಜಿಲ್ಲೆಯ ಒಂದು ಸಣ್ಣ ಕ್ರೈಸ್ತ ಸಭೆಗೆ, ಅಂದರೆ ಚರ್ಚಿನ ಸಮುದಾಯಕ್ಕೆ, ಪಾಲಕನಾಗಿದ್ದ (ಪಾಸ್ಟರ್) ನಾನು ಎಲ್ಲರಂತೆ ಪೀಠದ ಎದುರು ಮೊಬೈಲು ನಿಲ್ಲಿಸಿ ಆರಾಧನೆಯನ್ನು ನೇರಪ್ರಸಾರ ಮಾಡಿದೆ. ನೋಡಿದವರ ಸಂಖ್ಯೆ ನಮ್ಮ ಭಾನುವಾರದ ಹಾಜರಿಯನ್ನು ಮೀರಿದ್ದನ್ನು ಕಂಡು ಹಿಗ್ಗಿದ್ದು ನನ್ನ ಮೊದಲ ತಪ್ಪು. ನೋಡುತ್ತಿದ್ದವರಲ್ಲಿ ಬೆಂಗಳೂರು, ಹೈದರಾಬಾದಿನ ನಂಟರೇ ಹೆಚ್ಚು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ವಿಧವೆಯರಲ್ಲಿ ಹಲವರ ಬಳಿ ಫೋನೇ ಇರಲಿಲ್ಲ.

ಮೂರನೆಯ ವಾರ ಅಕ್ಕಿ, ಬೇಳೆ ಹಿಡಿದು ಅಂಥ ಒಬ್ಬ ಅಜ್ಜಿಯ ಮನೆಗೆ ಹೋದೆ. "ಪಾಸ್ಟರ್ರೀ, ಚರ್ಚಿನ ಬಾಗ್ಲಾ ಮುಚ್ಚಿದ್ರ ಮುಚ್ಚಲಿ, ನಮ್ಮ ಮನಿ ಬಾಗ್ಲಾ ತೆರದೇ ಇತ್ತಲ್ಲ" ಎಂದರು. ಅಂದು ರಾತ್ರಿಯೇ ಸಭಾ ಹಿರಿಯರನ್ನು ಫೋನಿನಲ್ಲಿ ಸೇರಿಸಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಮನೆ ಹಂಚಿದೆವು.

ಕರೆ ಮಾಡುವುದೂ ಕಲಿಯಬೇಕಾದ ಕೆಲಸ. ಮನೆಗೊಂದೇ ಫೋನಿದ್ದು ಅದು ಮಗನೊಂದಿಗೆ ಹೊರಗೆ ಹೋಗುವ ಕಡೆ ಸಂಜೆ ಏಳರ ನಂತರವೇ ಮಾತು ಸಾಧ್ಯ. ಪ್ರಾರ್ಥನೆಯಿಂದ ಆರಂಭಿಸಬೇಡಿ ಎಂದು ಹಿರಿಯರಿಗೆ ಹೇಳಿದಾಗ ಕೆಲವರು ಮುನಿಸಿಕೊಂಡರು. ಆದರೆ ನಮ್ಮ ಜನ 'ಆಮೆನ್' ಅಂದ ಮೇಲೆ ಮಾತು ಮುಗಿಯಿತೆಂದೇ ಭಾವಿಸಿ ಕಷ್ಟವನ್ನು ನುಂಗಿಕೊಳ್ಳುತ್ತಾರೆ. ಬಿ.ಪಿ., ಶುಗರ್ ಮಾತ್ರೆ ಎಷ್ಟು ದಿನಕ್ಕಿವೆ ಎಂದು ಮೊದಲು ಕೇಳಿ, ಸುಮ್ಮನಿದ್ದು ಕೇಳಿಸಿಕೊಂಡು, ಪ್ರಾರ್ಥನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕಾಣಿಕೆಯ ಮಾತು ಎತ್ತಲೇಬಾರದು. ಕೇಳಿದ ಮನೆಕಷ್ಟ ಕಮಿಟಿಯ ಚರ್ಚೆಗೆ ಬರಬಾರದು. ಇದನ್ನು ಪಾಲಿಸಲಾಗದ ಒಬ್ಬ ಹಿರಿಯರಿಂದ ಪಟ್ಟಿಯನ್ನು ಹಿಂಪಡೆಯಬೇಕಾಯಿತು.

ಜೂನ್ 8ರಿಂದ ಆರಾಧನಾ ಸ್ಥಳ ತೆರೆಯಲು ಅನುಮತಿ ಸಿಕ್ಕರೂ 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸಲಹೆಯಿತ್ತು, ಹಾಗಾಗಿ ಕರೆಗಳು ನಿಲ್ಲಲಿಲ್ಲ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನು ತಾನಿನ್ನೂ ಕಾಲಿಡದ ರೋಮಾಪುರದ ಸಭೆಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಭಾನುವಾರದ ಪ್ರಸಂಗಕ್ಕೆ (ಬೋಧನೆಗೆ) ಒದಗದ ಭಾಗವೆಂದು ನಾನು ವರ್ಷಗಟ್ಟಲೆ ದಾಟಿಹೋಗಿದ್ದ ಆ ಪಟ್ಟಿ, ದೂರದಲ್ಲಿದ್ದು ಸಭೆಯನ್ನು ಹತ್ತಿರ ಇಟ್ಟುಕೊಳ್ಳುವವನ ಕೆಲಸ ಹೇಗಿರುತ್ತದೆಂದು ತೋರಿಸಿತು.

ಹೆಸರು ಹಿಡಿದು ಕರೆಯಹೊರಟಾಗಲೇ ನಮ್ಮ ದಾಖಲೆ ಪುಸ್ತಕದ ಹುಳುಕು ಬಯಲಾದದ್ದು. ಐದಾರು ಕುಟುಂಬಗಳ ಎದುರು 'ಅನಿಯಮಿತ' ಎಂದು ನಾನೇ ಬರೆದಿದ್ದೆ. ಅವರು ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು. ಉಳಿದವರಿಗೆ ಆ ವರ್ಷ ಬಂದ ಒಂಟಿತನದಲ್ಲಿ ಅವರು ಅದಕ್ಕೂ ಮೊದಲಿನಿಂದಲೇ ಇದ್ದರು, ಆದರೂ ಒಬ್ಬ ಹಿರಿಯನೂ ಅವರಿಗೆ ಫೋನು ಮಾಡಿರಲಿಲ್ಲ. ಆ ಪದವನ್ನು ಹೊಡೆದುಹಾಕಿ, ಗುಳೆ ಹೋದ ಊರು, ಮರಳುವ ತಿಂಗಳು, ಫೋನ್ ನಂಬರಿಗೆಂದು ಪುಸ್ತಕದಲ್ಲಿ ಒಂದು ಕಾಲಂ ಎಳೆದೆವು. ಕೆಲಸದ ಜಾಗ ಬದಲಾದಂತೆ ಸಿಮ್ಮೂ ಬದಲಾಗುವುದರಿಂದ ಈಗ ಮೇಸ್ತ್ರಿಯ ನಂಬರನ್ನೂ ಅದರಲ್ಲೇ ಬರೆದುಕೊಳ್ಳುತ್ತೇವೆ.